ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಕಾರು ನೋಡಲು ಹೋದದ್ದು

ಕಾರವಾರದಲ್ಲಿ ಆ ಕಾರು ನೋಡಲು ಹೋದಾಗ ನನ್ನ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇತ್ತು. ಹಾಳಾದ ಸ್ಪೀಕರ್ ಬಿಚ್ಚಿ ತೆಗೆದದ್ದು. ಹಳೇ ಕಾರು ಕೊಳ್ಳುವವರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಗೆ ಹಿಡಿದು ನೋಡುತ್ತಾರೆ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪೇಂಟಿನ ಕೆಳಗೆ ತಗ್ಗು ತುಂಬುವ ಪುಟ್ಟಿ ಇದೆ, ಕಾರು ಎಲ್ಲೋ ಗುದ್ದಿದೆ ಎಂದು ಲೆಕ್ಕ.

ಬಾನೆಟ್ ಮೇಲೆ ಇಟ್ಟೆ. ಜಾರಿ ಬಿತ್ತು. ಮುಂದಿನ ಫೆಂಡರ್‌ಗೆ ಹಿಡಿದೆ. ಬಿತ್ತು. ರೂಫಿನ ಮೇಲೂ ಅದೇ ಕಥೆ. ಕುಮಟಾದಿಂದ ಕರೆದುಕೊಂಡು ಬಂದಿದ್ದ ಮೆಕ್ಯಾನಿಕ್ ಕಿವಿಯಲ್ಲಿ, "ಇಡೀ ಕಾರೇ ಪುಟ್ಟಿಯಲ್ಲಿ ಮಾಡಿದ ಹಾಗಿದೆಯಲ್ಲ ಮಾರಾಯ್ರೇ" ಅಂದೆ. ಅವರು ನಗು ತಡೆದುಕೊಂಡು, "ಹೆಗಡೇರೇ, ಅದು ಅಲ್ಯೂಮಿನಿಯಂ" ಅಂದರು.

ಕಾರು 2009ರ ಔಡಿ ಟಿಟಿ ಕೂಪೆ. ಎರಡು ಬಾಗಿಲು, 2.0 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 200 ಅಶ್ವಶಕ್ತಿ. ಈ ತಲೆಮಾರಿನ ಟಿಟಿಯ ಬಾಡಿಯಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 69ರಷ್ಟು ಅಲ್ಯೂಮಿನಿಯಂ. ಉಳಿದದ್ದು ಉಕ್ಕು. ಬಾಗಿಲು, ಡಿಕ್ಕಿಯ ಮುಚ್ಚಳ, ಹಿಂಭಾಗದ ತಳ ಇಷ್ಟು ಉಕ್ಕಿನವು. ಮುಂದೆ ಎಂಜಿನ್ ಭಾರ ಇರುವುದರಿಂದ ಹಿಂದೆಯೂ ಸ್ವಲ್ಪ ತೂಕ ಇರಲಿ ಎಂದು ಹಾಗೆ ಮಾಡಿದ್ದಾರೆ. ಇದನ್ನು ಓದಿಕೊಂಡು ಹೋಗಿದ್ದರೆ ಅಷ್ಟು ನಗೆಪಾಟಲಾಗುತ್ತಿರಲಿಲ್ಲ. ಆಮೇಲೆ ಬಾಗಿಲಿಗೆ ಹಿಡಿದೆ. ಟಕ್ ಎಂದು ಅಂಟಿಕೊಂಡಿತು. ಅಷ್ಟರಮಟ್ಟಿಗೆ ಸಮಾಧಾನ.

ಸಿರಸಿಯಲ್ಲಿ ಅಡಿಕೆ ತೋಟ ಇಟ್ಟುಕೊಂಡವನಿಗೆ ಇಂಥ ಕಾರು ಎಂತಕ್ಕೆ ಎಂದು ಎಲ್ಲರೂ ಕೇಳಿದ್ದಾರೆ. ಉತ್ತರ ಇಲ್ಲ. ಕಾಲೇಜಿನ ದಿನಗಳಲ್ಲಿ ಗೋವಾಕ್ಕೆ ಹೋದಾಗ ಅಲ್ಲೇ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಕಾರು ಕಂಡಿದ್ದೆ. ಫೈಬರ್ ಬಾಡಿ, ಎರಡೇ ಸೀಟು, ರೆನೊದ 1.2 ಲೀಟರ್ ಎಂಜಿನ್. ಅಂಥ ದೊಡ್ಡ ಓಟದ ಕಾರೇನೂ ಅಲ್ಲ. ಆದರೆ ಆ ಹುಚ್ಚು ಅಲ್ಲಿಂದ ಹತ್ತಿದ್ದು. ಅಡಿಕೆಗೆ ಒಳ್ಳೇ ರೇಟು ಬಂದ ವರ್ಷ ತಲೆಗೇರಿತು, ಅಷ್ಟೆ.

ಕಾರವಾರದ ಮಾಲೀಕರು ವರ್ಗ ಆಗಿ ಉತ್ತರದ ಕಡೆ ಹೊರಟಿದ್ದರು. ಸಮುದ್ರಕ್ಕೆ ಕೂಗಳತೆಯ ಮನೆ. ನಾಲ್ಕು ಮಳೆಗಾಲ ಕಾರು ಅಲ್ಲೇ ನಿಂತಿತ್ತು. ಫೋನಿನಲ್ಲೇ, "ನಾವು ಬಂದು ನೋಡುವವರೆಗೆ ಸ್ಟಾರ್ಟ್ ಮಾಡಬೇಡಿ ಸರ್" ಎಂದು ಹೇಳಿದ್ದೆ. ಆದರೂ ಬಾನೆಟ್ ಮುಟ್ಟಿದರೆ ಬಿಸಿ. ತೊಳೆಯಲು ಹೊರಗೆ ತೆಗೆದೆ ಅಂದರು. ಮೋಸದ ಮನುಷ್ಯ ಅಲ್ಲ. ಆದರೂ ಕಾಯುವುದು ಕಾಯುವುದೇ. ತಣ್ಣಗಿನ ಎಂಜಿನ್ನು ಮೊದಲ ಸಲ ಎದ್ದಾಗ ಮಾಡುವ ಕಟಕಟ ಸದ್ದು, ಬಿಡುವ ನೀಲಿ ಹೊಗೆ ಬಿಸಿಯಾದ ಮೇಲೆ ಕಾಣುವುದೇ ಇಲ್ಲ. ಬನ್ಸ್ ತಿಂದು, ಚಾ ಕುಡಿದು, ಟ್ಯಾಗೋರ್ ಕಡಲತೀರದಲ್ಲಿ ಒಂದು ಸುತ್ತು ಹೊಡೆದು ಎರಡೂವರೆ ತಾಸು ಬಿಟ್ಟು ಬಂದೆವು.

ಎಂಜಿನ್ ಚೆನ್ನಾಗಿಯೇ ಎದ್ದಿತು. ಸಮಸ್ಯೆ ಇದ್ದದ್ದು ಬೇರೆ ಕಡೆ.

ಕರಾವಳಿಯ ಕಾರನ್ನು ಮೇಲಿಂದ ನೋಡಿ ಪ್ರಯೋಜನ ಇಲ್ಲ. ಹತ್ತಿರದ ಗ್ಯಾರೇಜಿನಲ್ಲಿ ರ‍್ಯಾಂಪ್ ಮೇಲೆ ಏರಿಸಿ ಅಡಿಯಿಂದ ಟಾರ್ಚು ಬಿಟ್ಟೆವು. ಬ್ರೇಕ್ ಪೈಪುಗಳ ಮೇಲೆ ಕೆಂಪು ತುಕ್ಕಿನ ಹುರುಪೆ. ಸೈಲೆನ್ಸರ್ ಜೋಡಿಸುವ ಬೋಲ್ಟುಗಳಿಗೆ ತಲೆಯೇ ಉಳಿದಿಲ್ಲ. ಕೀಲಿ ತುದಿಯಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಮೇಲಿನ ತುಕ್ಕು ಬೇರೆ, ಒಳಗೆ ತಿಂದ ತುಕ್ಕು ಬೇರೆ. ಮೊದಲನೆಯದು ಒರೆಸಿದರೆ ಕೈಗೆ ಬಣ್ಣ ಹತ್ತುತ್ತದೆ. ಎರಡನೆಯದು ಪದರಪದರವಾಗಿ ಏಳುತ್ತದೆ.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ನಾನೂ ಅಂದುಕೊಂಡಿದ್ದೆ. ಕೆಂಪು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿ, ನಡುವೆ ಉಪ್ಪು ನೀರು ಸೇರಿದರೆ ಅದೊಂದು ಬ್ಯಾಟರಿಯೇ ಆಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಕಂಪನಿಯವರು ಎರಡರ ನಡುವೆ ಅಂಟು, ಲೇಪ ಎಲ್ಲ ಹಾಕಿರುತ್ತಾರೆ. ಆದರೆ ಆಮೇಲೆ ಯಾರಾದರೂ ರಿಪೇರಿ ಮಾಡಿ ಸಾದಾ ಸ್ಕ್ರೂ ಹಾಕಿದರೆ ಆ ಜಾಗ ಮುಗಿಯಿತು. ಈ ಕಾರಿನ ಮುಂದಿನ ಚಕ್ರದ ಕಮಾನಿನೊಳಗೆ ಅಂಥ ಎರಡು ಸ್ಕ್ರೂ ಇದ್ದವು. ಸುತ್ತ ಪೇಂಟು ಗುಳ್ಳೆ ಎದ್ದಿತ್ತು. ಒತ್ತಿದರೆ ಒಳಗಿಂದ ಬಿಳಿ ಪುಡಿ. ಆ ಸ್ಕ್ರೂ ಹಾಕಿದವರು ಯಾರೋ, ಈ ಮಾಲೀಕರಿಗೂ ಗೊತ್ತಿರಲಿಲ್ಲ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ, ಮಳೆ ನೀರು ಹರಿದು ಹೋಗುವ ದಾರಿ ಇರುತ್ತದೆ. ಅಲ್ಲಿ ಗಾಳಿಮರದ ಸೂಜಿಯೆಲೆ ತುಂಬಿ ಗೊಬ್ಬರವಾಗಿತ್ತು. ಅರ್ಧ ಬಕೆಟ್ ನೀರು ಸುರಿದೆವು. ನೀರು ಕಾರಿನ ಅಡಿಗೆ ಇಳಿಯಬೇಕು. ಇಳಿಯಲಿಲ್ಲ. ಹಾಗಾದರೆ ನಾಲ್ಕು ಮಳೆಗಾಲದ ನೀರು ಎಲ್ಲಿಗೆ ಹೋಯಿತು? ಮೆಕ್ಯಾನಿಕ್ ಎಡಗಡೆ ಮ್ಯಾಟ್ ಎತ್ತಿ ಕಾರ್ಪೆಟ್ ಕೆಳಗಿನ ಸ್ಪಂಜಿನೊಳಗೆ ಬೆರಳು ತೂರಿಸಿದರು. ತೇವ. ಮಳೆ ನಿಂತು ತಿಂಗಳಾಗಿತ್ತು, ನೆನಪಿರಲಿ. ಸೀಟಿನ ಹಳಿಗೆ ತುಕ್ಕು. ವೈರಿಂಗ್ ಜೋಡಣೆಯೊಂದನ್ನು ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಎಂಜಿನ್ ರಿಪೇರಿಗೆ ಒಂದು ಬಿಲ್, ಮುಗಿಯಿತು. ವೈರಿಂಗಿನ ಕಿಲುಬು ಹಾಗಲ್ಲ. ಇವತ್ತು ಕಿಟಕಿ, ನಾಳೆ ಏರ್‌ಬ್ಯಾಗಿನ ದೀಪ, ನಾಡಿದ್ದು ಸ್ಟಾರ್ಟೇ ಇಲ್ಲ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುವುದನ್ನು ಮರೆಯಬೇಡಿ. ಒಳಗೆ ಸುತ್ತಿಕೊಂಡ ಭಾಗವನ್ನು ಯಾರೂ ತೊಳೆಯುವುದಿಲ್ಲ. ಕೆಸರಿನ ಗೆರೆ ಇದ್ದರೆ ಕಾರು ನೆರೆಯಲ್ಲಿ ಮುಳುಗಿತ್ತು ಎಂದರ್ಥ. ನಮ್ಮ ನದಿಗಳ ದಂಡೆಯ ಊರುಗಳಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಇದರಲ್ಲಿ ಗೆರೆ ಇರಲಿಲ್ಲ, ಬೂಷ್ಟು ಮಾತ್ರ.

ಮಾಲೀಕರಿಗೆ ಎಲ್ಲ ತೋರಿಸಿದೆವು. ಪಾಪ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಎರಡು ಲಕ್ಷ ಇಳಿಸುತ್ತೇನೆ ಅಂದರು. ಕಾರು ಬಿಸಿಲಿಗೆ ಎಷ್ಟು ಚೆಂದ ಹೊಳೆಯುತ್ತಿತ್ತು ಅಂದರೆ ನಾನು ಹೂಂ ಅನ್ನುವವನಿದ್ದೆ. ಮೆಕ್ಯಾನಿಕ್ ನನ್ನ ಅಂಗಿ ಜಗ್ಗಿದರು. ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗುವುದು ಅದಕ್ಕೇ. ಅವರಿಗೆ ಆ ಕಾರಿನ ಮೇಲೆ ಆಸೆ ಇರುವುದಿಲ್ಲ.

ಎರಡನೇ ಕಾರು ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಅದೇ ಮಾಡೆಲ್, ಅದೇ ವರ್ಷ. ಪೇಂಟು ಬಿಸಿಲಿಗೆ ಮಂಕಾಗಿತ್ತು, ಹಿಂದಿನ ಬಂಪರಿಗೆ ಗೀರು. ಆದರೆ ಅಡಿ ನೋಡಿದರೆ ಬರೀ ಒಣ ಧೂಳು. ನನಗೆ ಅಲ್ಲೇ ಅರ್ಧ ಮನಸ್ಸಾಯಿತು. ಇಲ್ಲಿ ನೋಡಬೇಕಾದದ್ದು ಎಂಜಿನ್ನು ಮತ್ತು ಗೇರ್‌ಬಾಕ್ಸು.

ಈ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಹೆಚ್ಚಿನ ಒತ್ತಡ ಕೊಡುವ ಪಂಪು ಒಂದಿದೆ. ಪಂಪಿಗೂ ಕ್ಯಾಮ್‌ಶಾಫ್ಟಿಗೂ (ವಾಲ್ವುಗಳನ್ನು ತೆರೆಯುವ, ತಿರುಗುವ ಕಂಬಿ) ನಡುವೆ ಸಣ್ಣ ಲೋಟದಂಥ ಒಂದು ಉಕ್ಕಿನ ತುಂಡು ಇರುತ್ತದೆ. ಕ್ಯಾಮ್ ಫಾಲೋವರ್ ಅಂತ ಹೆಸರು. ಇದು ಸವೆಯುವ ಸಾಮಾನು. ಸವೆದು ತೂತಾದರೆ ಪಂಪೂ ಹೋಯಿತು, ಕ್ಯಾಮ್‌ಶಾಫ್ಟೂ ಹೋಯಿತು. ಇಂಧನದ ಒತ್ತಡ ಇಳಿಸಿ, ಮೂರು ಬೋಲ್ಟು ಬಿಚ್ಚಿ ಪಂಪು ತೆಗೆದರೆ ಕೈಗೆ ಸಿಗುತ್ತದೆ. ಮಾರುವವರು ಒಪ್ಪಬೇಕು, ಅಷ್ಟೆ. ಇವರು ಒಪ್ಪಿದರು. ಮೇಲಿನ ಕಪ್ಪು ಲೇಪ ನಡುವೆ ರೂಪಾಯಿ ನಾಣ್ಯದಷ್ಟು ಅಳಿಸಿ ಬಿಳಿ ಉಕ್ಕು ಕಾಣುತ್ತಿತ್ತು. ತೂತಾಗಿರಲಿಲ್ಲ. ಹೊಸದು ಹಾಕಿದರೆ ಸಾಕು.

ಟೈಮಿಂಗ್ ಬೆಲ್ಟ್, ಅಂದರೆ ವಾಲ್ವು ಮತ್ತು ಪಿಸ್ಟನ್ನುಗಳನ್ನು ಒಂದೇ ತಾಳಕ್ಕೆ ಹಿಡಿಯುವ ರಬ್ಬರ್ ಪಟ್ಟಿ, ಬದಲಿಸಿದ ಬಿಲ್ ಕೇಳಿದೆ. ಇರಲಿಲ್ಲ. "62 ಸಾವಿರ ಅಷ್ಟೇ ಓಡಿದೆಯಲ್ಲ ಸರ್" ಅಂದರು. ರಬ್ಬರಿಗೆ ಕಿಲೋಮೀಟರ್ ಒಂದೇ ಅಲ್ಲ, ವಯಸ್ಸೂ ಆಗುತ್ತದೆ. ಹದಿನಾಲ್ಕು ವರ್ಷದ ಬೆಲ್ಟ್ ಕಡಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಕೈಬಿಡುತ್ತದೆ. ಬೆಲ್ಟು, ಅದರ ಜತೆ ವಾಟರ್ ಪಂಪು, ಎರಡರ ಖರ್ಚನ್ನೂ ಬೆಲೆಯಲ್ಲಿ ಮುರಿದೆ.

ಗೇರ್‌ಬಾಕ್ಸ್ ಆರು ಗೇರಿನ ಡಿಎಸ್‌ಜಿ, ಅಂದರೆ ತಾನಾಗಿ ಗೇರ್ ಬದಲಿಸುವ, ಎಣ್ಣೆಯಲ್ಲಿ ಮುಳುಗಿರುವ ಎರಡು ಕ್ಲಚ್ಚಿನದು. 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಬೇಕು. ಇದನ್ನು ಹೈವೇಯಲ್ಲಿ ಜೋರಾಗಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿ ಟ್ರಾಫಿಕ್ಕಿನಲ್ಲಿ ಆಮೆಯ ಹಾಗೆ ತೆವಳಿಸಿ ನೋಡಬೇಕು. ಏರಿನಲ್ಲಿ ನಿಲ್ಲಿಸಿ ಹೊರಡಿಸಬೇಕು, ರಿವರ್ಸಿನಲ್ಲಿ ನಿಧಾನಕ್ಕೆ ಏರು ಹತ್ತಿಸಬೇಕು. ಗಡಗಡ ನಡುಗಿದರೆ ಕ್ಲಚ್ಚೋ ಅದನ್ನು ನಡೆಸುವ ಮೆಕಾಟ್ರಾನಿಕ್ ಘಟಕವೋ ಕೈಕೊಡುತ್ತಿದೆ ಎಂದರ್ಥ. ಅದರ ಖರ್ಚು ಕೇಳಿದರೆ ನಮ್ಮಂಥವರಿಗೆ ಎದೆ ಧಸಕ್ ಅನ್ನುತ್ತದೆ.

ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿಸಿದೆವು. ತಪ್ಪಿನ ಕೋಡ್ ಒಂದೂ ಇಲ್ಲ. ಅದು ಖುಷಿಪಡುವ ವಿಷಯ ಅಲ್ಲ ಅಂದರು ಮೆಕ್ಯಾನಿಕ್. ನಿನ್ನೆ ಅಳಿಸಿದ್ದರೂ ಇವತ್ತು ಖಾಲಿಯೇ ಕಾಣುತ್ತದೆ. ಆದರೆ ಅಳಿಸಿದ ಮೇಲೆ ಕಾರು ತನ್ನ ಹೊಗೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕು. ಆ ಪರೀಕ್ಷೆ ಮುಗಿದಿದೆಯೋ ಇಲ್ಲವೋ ಎಂದು ಸ್ಕ್ಯಾನರಿನಲ್ಲೇ ಒಂದು ಪುಟ ಇದೆ. ಎಲ್ಲ ಮುಗಿದಿತ್ತು. ಆಮೇಲೇ ಚಾ ಕುಡಿದದ್ದು.

ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2316 ಅಂದರೆ 2016ರ 23ನೇ ವಾರ. ಮೇಲಿನ ಗ್ರಿಪ್ಪು ಚೆನ್ನಾಗಿದ್ದರೂ ರಬ್ಬರು ಕಲ್ಲಾಗಿತ್ತು. ನಾಲ್ಕನ್ನೂ ಬದಲಿಸಿದೆ. ಪೆಟ್ರೋಲ್ ಪೈಪಿನ ರಬ್ಬರನ್ನೂ ನೋಡಿಸಿಕೊಳ್ಳಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ್ದು, 2009ರ ಕಾರು ಮಾಡುವಾಗ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಗದಪತ್ರದಲ್ಲಿ ನಾನು ಸ್ವಲ್ಪ ಎಡವಿದೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಸಾಲ, ದಂಡ ನೋಡಿದ್ದೆ. ಚಾಸಿ ನಂಬರ್ ತಾಳೆ ಮಾಡಿದ್ದೆ. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಹಾಗೇ ಕೂತಿದ್ದರೆ ಫಾರ್ಮ್ 35, ಮಾರಾಟಕ್ಕೆ ಫಾರ್ಮ್ 29 ಮತ್ತು 30, ಇವೆಲ್ಲ ಗೊತ್ತಿತ್ತು. ಕರ್ನಾಟಕದ ಕಾರೇ ಆದ್ದರಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮತ್ತೊಮ್ಮೆ ತೆರಿಗೆ ಅನ್ನುವ ರಗಳೆ ಇರಲಿಲ್ಲ. ಗೋವಾದ ಕಾರು ಅಗ್ಗ ಎಂದು ಓಡುವವರು ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಸೇರಿಸಿಯೇ ಬೆಲೆ ನೋಡಬೇಕು. ನಾನು ಮರೆತದ್ದು ಹದಿನೈದು ವರ್ಷದ ಮಾತು. 2009ರ ಕಾರಿನ ನೋಂದಣಿ 2024ಕ್ಕೆ ಮುಗಿಯುವುದಿತ್ತು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಸಾದಾ ಕಾರಿಗೆ ಮೊದಲ ನವೀಕರಣದ ಶುಲ್ಕ 5,000 ರೂಪಾಯಿ. ಹೊರದೇಶದಿಂದ ಆಮದಾದ ಕಾರಿಗೆ 40,000! ಟಿಟಿ ಪೂರ್ತಿ ಕಾರಾಗಿಯೇ ಹಡಗಿನಲ್ಲಿ ಬಂದದ್ದು. ಬೆಲೆ ಮಾತಾಡುವಾಗ ಇದು ನೆನಪಿದ್ದಿದ್ದರೆ ಅಷ್ಟನ್ನೂ ಮುರಿಯುತ್ತಿದ್ದೆ.

ಮುಂಡಗೋಡ ದಾರಿಯಾಗಿ ಮನೆಗೆ ತಂದೆ. ಹಂಪು ಬಂದಲ್ಲೆಲ್ಲ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕಾಯಿತು. ನಮ್ಮ ತೋಟದ ರಸ್ತೆಗೆ ಎರಡು ಲೋಡು ಜಲ್ಲಿ ಹಾಕಿಸಿದ್ದು ಕಾರಿನ ಲೆಕ್ಕಕ್ಕೋ ಮನೆಯ ಲೆಕ್ಕಕ್ಕೋ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಆಯಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ತಮಾ, ಇದ್ಕೆ ಎರಡೇ ಬಾಗ್ಲನಾ?" ಅಂದಳು.

ಈ ಕಾರಿನ ಕಿಟಕಿ ಗಾಜಿಗೆ ಮೇಲೆ ಚೌಕಟ್ಟು ಇಲ್ಲ. ಬಾಗಿಲು ತೆಗೆಯುವಾಗ ಗಾಜು ತಾನಾಗಿ ಚೂರು ಕೆಳಗೆ ಜಾರಿ, ಮುಚ್ಚಿದ ಮೇಲೆ ಮತ್ತೆ ಏರಿ ರಬ್ಬರಿನೊಳಗೆ ಕೂರುತ್ತದೆ. ಹುಬ್ಬಳ್ಳಿಯಲ್ಲಿ ಬಲಗಡೆ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ನೋಡಿದ್ದೆ. ಎಡಗಡೆಯದನ್ನು ಒಂದೇ ಸಲ. ಜೂನಿನಲ್ಲಿ ಮೊದಲ ಜೋರು ಮಳೆ ಬಂದ ದಿನ ಆಯಿಯನ್ನು ಕೂರಿಸಿಕೊಂಡು ಮಾರಿಕಾಂಬಾ ದೇವಸ್ಥಾನಕ್ಕೆ ಹೊರಟೆ. ಕಾರ್ಪೆಟ್ ಒಣಗಿತ್ತು, ನೀರಿನ ದಾರಿ ಸರಾಗ ಇತ್ತು. ಎಡಗಡೆ ಗಾಜು ಮಾತ್ರ ಕೆಳಗೆ ಜಾರಿದ್ದು ಮತ್ತೆ ಏರಲಿಲ್ಲ. ಆಯಿ ದಾರಿಯುದ್ದಕ್ಕೂ ಆ ಸಂದಿಗೆ ಸೆರಗು ಒತ್ತಿ ಹಿಡಿದುಕೊಂಡಿದ್ದಳು.