ವೆಚ್ಚ ಕಡಿತದ ಇಂಗ್ಲಿಷ್: ಯಾವ ಪದಕ್ಕೆ ಯಾವ ಜೊತೆ

ಖರ್ಚು ತಗ್ಗಿಸುವ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ ತೊಡಕಾಗುವುದು ಪದಗಳ ಕೊರತೆಯಿಂದಲ್ಲ, ಗೊತ್ತಿರುವ ಪದಗಳನ್ನು ಹೊಂದದ ಜೊತೆಗೆ ಸೇರಿಸುವುದರಿಂದ. ನಾವು ‘ಕಡಿತ ಮಾಡಿದರು’ ಎನ್ನುತ್ತೇವೆಂದು ಅಲ್ಲಿ ‘ಡೂ ಕಟ್ಸ್’ ಎಂದು ಬರೆಯಲಾಗದು; ‘ಮೇಕ್ ಕಟ್ಸ್’ ಎಂಬುದೇ ರೂಢಿ.

ಮೊದಲು ಕಡಿತದ ಪ್ರಮಾಣವನ್ನು ನೋಡಿ ಕ್ರಿಯಾಪದವನ್ನು ಆರಿಸಬೇಕು. ಅಲ್ಪಸ್ವಲ್ಪ ಇಳಿಸಿದ್ದರೆ ‘ಟ್ರಿಮ್ ದ ಬಜೆಟ್’, ಭಾರೀ ಕತ್ತರಿ ಹಾಕಿದ್ದರೆ ‘ಸ್ಲ್ಯಾಶ್ ದ ಬಜೆಟ್’ ಎನ್ನಬಹುದು. ಮಾತಿಗೂ ಬರಹಕ್ಕೂ ‘ಕಟ್ ಕಾಸ್ಟ್ಸ್’ ಸಲ್ಲುತ್ತದೆ. ಕಚೇರಿಯ ಟಿಪ್ಪಣಿಗೆ ‘ರೆಡ್ಯೂಸ್ ಎಕ್ಸ್‌ಪೆಂಡಿಚರ್’ ಹೆಚ್ಚು ಒಪ್ಪುತ್ತದೆ. ‘ಸ್ಲ್ಯಾಶ್’ ಪತ್ರಿಕೆಯ ತಲೆಬರಹಗಳಿಗೆ ಪ್ರಿಯವಾದ ಪದವಾದ್ದರಿಂದ ವರದಿಯಲ್ಲಿ ಅದನ್ನು ಬಳಸುವಾಗ ಹಿಡಿತವಿರಲಿ. ‘ರೀನ್ ಇನ್ ಸ್ಪೆಂಡಿಂಗ್’ ಎಂಬ ಜೋಡಿಯಲ್ಲಿ ಖರ್ಚು ಅಂಕೆ ಮೀರಿತ್ತೆಂಬ ತೀರ್ಪೂ ಅಡಗಿದೆ. ಆ ಆರೋಪ ಹೊರಿಸುವ ಉದ್ದೇಶವಿಲ್ಲದಿದ್ದರೆ ಅದನ್ನು ಬಿಡುವುದೇ ಲೇಸು.

ಅತಿ ಹೆಚ್ಚು ಎಡವುವುದು ‘ಬೈ’ ಮತ್ತು ‘ಟು’ ವಿಷಯದಲ್ಲಿ. ನೂರು ರೂಪಾಯಿಯ ಬಜೆಟ್ಟನ್ನು ‘ಕಟ್ ಬೈ 20’ ಎಂದರೆ ಎಂಬತ್ತು ಉಳಿಯುತ್ತದೆ, ‘ಕಟ್ ಟು 20’ ಎಂದರೆ ಇಪ್ಪತ್ತು ಮಾತ್ರ ಉಳಿಯುತ್ತದೆ. ಒಂದು ಚಿಕ್ಕ ಪದ ಇಡೀ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ನಾಮಪದವಾದಾಗ ‘ಎ ಕಟ್ ಆಫ್ 20 ಪರ್ಸೆಂಟ್’ ಎಂದೂ, ಯಾವುದರಲ್ಲಿ ಎಂದು ಹೇಳಲು ‘ಕಟ್ಸ್ ಇನ್ ಸ್ಪೆಂಡಿಂಗ್’ ಅಥವಾ ‘ಕಟ್ಸ್ ಟು ಸರ್ವೀಸಸ್’ ಎಂದೂ ಬರೆಯುತ್ತಾರೆ. ‘ಕಟ್ ಬ್ಯಾಕ್ ಆನ್ ಟ್ರಾವೆಲ್’ ಎಂಬಲ್ಲಿ ಕ್ರಿಯಾಪದ ಎರಡು ಪದವಾಗಿ ಬಿಡಿಯಾಗಿರುತ್ತದೆ, ‘ಕಟ್‌ಬ್ಯಾಕ್ಸ್’ ಎಂಬ ನಾಮಪದ ಕೂಡಿಕೊಳ್ಳುತ್ತದೆ.

ವಿಶೇಷಣಗಳಲ್ಲಿ ‘ಡೀಪ್’, ‘ಡ್ರಾಸ್ಟಿಕ್’, ‘ಸ್ವೀಪಿಂಗ್’ ಬಳಕೆಯಲ್ಲಿವೆ. ಎಲ್ಲ ವಿಭಾಗಗಳಿಗೂ ಒಂದೇ ಬಗೆಯಲ್ಲಿ ಅನ್ವಯಿಸಿದರೆ ‘ಅಕ್ರಾಸ್ ದ ಬೋರ್ಡ್’. ಬ್ರಿಟಿಷ್ ಬರಹದಲ್ಲಿ ಕಾಣುವ ‘ಸ್ವಿಂಜಿಂಗ್ ಕಟ್ಸ್’ (swingeing cuts) ಕಠೋರ ಕಡಿತವನ್ನು ಸೂಚಿಸುತ್ತದೆ. 1922ರಲ್ಲಿ, ಸರ್ಕಾರಿ ಖರ್ಚು ತಗ್ಗಿಸುವ ದಾರಿ ಹುಡುಕಲು ನೇಮಿಸಿದ್ದ ಎರಿಕ್ ಗೆಡ್ಡೆಸ್ ಸಮಿತಿಯ ಶಿಫಾರಸುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಕಡಿತಕ್ಕೆ ‘ಗೆಡ್ಡೆಸ್ ಆಕ್ಸ್’, ಅಂದರೆ ಗೆಡ್ಡೆಸ್ ಕೊಡಲಿ, ಎಂಬ ಹೆಸರೇ ಬಿದ್ದಿತು. ಯೋಜನೆಯನ್ನೋ ಹುದ್ದೆಯನ್ನೋ ಪೂರ್ತಿ ರದ್ದುಮಾಡುವುದಕ್ಕೆ ಪತ್ರಿಕೆಗಳು ಇಂದಿಗೂ ‘ಆಕ್ಸ್’ ಎನ್ನುತ್ತವೆ. 2010ರ ನಂತರ ಯೂರೋಪಿನ ಸುದ್ದಿಗಳಲ್ಲಿ ಮತ್ತೆಮತ್ತೆ ಬಂದ ‘ಆಸ್ಟೆರಿಟಿ ಮೆಷರ್ಸ್’ ಸರ್ಕಾರಗಳ ಮಿತವ್ಯಯದ ಕ್ರಮಗಳಿಗೆ ಹೇಳಿದ್ದೇ ಹೊರತು ಮನೆಯ ಖರ್ಚಿಗೆ ಒಗ್ಗುವುದಿಲ್ಲ. ಮನೆಯವರು ‘ಟೈಟನ್ ದೇರ್ ಬೆಲ್ಟ್ಸ್’ ಎಂದರೆ ಸಾಕು.

ಕರ್ತೃ ಯಾರೆಂಬುದೂ ಮುಖ್ಯ: ಸರ್ಕಾರ ಕಡಿತವನ್ನು ‘ಅನೌನ್ಸ್’ ಅಥವಾ ‘ಇಂಪೋಸ್’ ಮಾಡುತ್ತದೆ, ಇಲಾಖೆ ‘ಫೇಸ್’ ಮಾಡುತ್ತದೆ, ಹೆಚ್ಚು ಪೆಟ್ಟು ತಿನ್ನುವವರು ‘ಬೇರ್ ದ ಬ್ರಂಟ್’. ಕಡಿತದಿಂದ ರಕ್ಷಿಸಿ ಮೀಸಲಿಟ್ಟ ಹಣ ‘ರಿಂಗ್‌ಫೆನ್ಸ್ಡ್’. ‘ಕಟ್ ಕಾರ್ನರ್ಸ್’ ಮಾತ್ರ ಈ ಗುಂಪಿಗೆ ಸೇರಿದಂತೆ ಕಂಡರೂ, ಗುಣಮಟ್ಟ ಕೆಡಿಸಿ ಕೆಲಸ ಸಾಗಹಾಕುವುದು ಎಂಬ ದೂರು ಅದರಲ್ಲಿದೆ; ನಿಮ್ಮ ಸಂಸ್ಥೆ ಖರ್ಚು ಉಳಿಸಿತೆಂದು ಹೊಗಳಲು ಹೊರಟ ಪತ್ರದಲ್ಲಿ ಅದು ನುಸುಳದಂತೆ ನೋಡಿಕೊಳ್ಳಿ.