ಲೂಕ 16ರ ಅನ್ಯಾಯಗಾರ ಪಾರುಪತ್ಯಗಾರ: ಕೊನೆಗೂ ಕೂಡಿಬಂದ ಲೆಕ್ಕ

ಧಣಿಯ ಆಸ್ತಿ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರನೊಬ್ಬ ಕೆಲಸ ಹೋಗುವ ಹೊತ್ತಿಗೆ, ಮುಂದೆ ಆಸರೆ ಸಿಗಲೆಂದು ಧಣಿಯ ಸಾಲಗಾರರ ಪತ್ರಗಳಲ್ಲಿ ಸಾಲ ಕಡಿಮೆ ಬರೆಸಿದ; ಧಣಿ ಅವನನ್ನು ಮೆಚ್ಚಿದ. ಯೇಸು ಹೇಳಿದ ಈ ಸಾಮ್ಯದ (ದೃಷ್ಟಾಂತ ಕಥೆಯ) ಮೇಲೆ ಪ್ರಸಂಗ ಮಾಡಬೇಡಿ, ಸಭೆಯವರು ಯೇಸು ಮೋಸವನ್ನು ಹೊಗಳಿದ ಎಂದುಕೊಂಡಾರು ಎಂಬ ಬುದ್ಧಿವಾದ ನನಗೂ ಬಂದಿತ್ತು. ಈಗ ಇದನ್ನೇ ಧೈರ್ಯವಾಗಿ ಕಲಿಸುತ್ತೇನೆ.

ಮೊದಲು ಕೈಕೊಟ್ಟ ದಾರಿಗಳು. ಸಾಲದಲ್ಲಿ ಅವನು ಬಿಟ್ಟುಕೊಟ್ಟದ್ದು ಧರ್ಮೋಪದೇಶಕಾಂಡ 23:19 ನಿಷೇಧಿಸಿದ ಬಡ್ಡಿ ಎಂದರೆ ಕೇಳುವವರಿಗೆ ಹಿತವಾಗುತ್ತದೆ. ಆದರೆ ಎಣ್ಣೆ 100ರಿಂದ 50ಕ್ಕೆ, ಗೋಧಿ 100ರಿಂದ 80ಕ್ಕೆ ಇಳಿಯಿತು. ಬಿಟ್ಟದ್ದು ಬಡ್ಡಿಯೇ ಆದರೆ ಅಸಲಿನ ಮೇಲೆ ಒಂದು ಕಡೆ ನೂರಕ್ಕೆ ನೂರು ಬಡ್ಡಿ, ಇನ್ನೊಂದು ಕಡೆ ಇಪ್ಪತ್ತೈದು. ಅಷ್ಟು ಮಾಡಿದ ಮೇಲೂ 8ನೇ ವಚನ ಅವನನ್ನು ಅನ್ಯಾಯಗಾರ ಎಂದೇ ಕರೆಯುತ್ತದೆ. ಅದು ಅವನ ಸ್ವಂತ ಕಮಿಷನ್ ಎನ್ನೋಣವೆಂದರೆ, 5ನೇ ವಚನದಲ್ಲಿ ಅವನು ಕೇಳುವುದೇ ‘ನನ್ನ ಧಣಿಗೆ’ ಎಷ್ಟು ಸಾಲವೆಂದು. ಎರಡೂ ಅವನನ್ನು ಒಳ್ಳೆಯವನನ್ನಾಗಿಸುವ ಹಟ. ಅದನ್ನು ಬಿಟ್ಟ ಮೇಲೆಯೇ ದಾರಿ ತೆರೆಯಿತು.

ಮೊತ್ತ ಸಣ್ಣದಲ್ಲ. ನೂರು ಬತ್ (ಆಗಿನ ಅಳತೆ) ಎಣ್ಣೆ ಹತ್ತಿರಹತ್ತಿರ ಮೂರೂವರೆ ಸಾವಿರ ಲೀಟರ್. ಗೋಧಿಯ ಲೆಕ್ಕ ಕೋರ್ ಎಂಬ ಅಳತೆಯಲ್ಲಿ; ಯೆಹೆಜ್ಕೇಲ 45:14ರ ಪ್ರಕಾರ ಒಂದು ಕೋರ್ ಹತ್ತು ಬತ್, ಅಂದರೆ ಗೋಧಿ ಅದರ ಹತ್ತುಪಟ್ಟು. ಬೆಲೆ ಕಟ್ಟಿದವರ ಅಂದಾಜಿನಲ್ಲಿ ಎರಡೂ ರಿಯಾಯಿತಿ ತಲಾ 500 ದಿನಾರಿಯ ಆಸುಪಾಸು. ಮತ್ತಾಯ 20ರ ದಿನಗೂಲಿ ಒಂದು ದಿನಾರಿ. ಇಂಥ ಉಪಕಾರವನ್ನು ಸಾಲಗಾರರು ಮರೆಯುವುದುಂಟೇ!

ಇನ್ನು ನಾನು ಕಲಿಸುವ ಕ್ರಮ. 3–4ನೇ ವಚನಗಳಲ್ಲಿ ಅವನು ತನ್ನೊಳಗೆ ಮಾತಾಡಿಕೊಳ್ಳುವುದಕ್ಕೆ ಗೆರೆ ಎಳೆಯಿರಿ: ಕೆಲಸ ಹೋಗುವುದು ಖಚಿತ, ಲೆಕ್ಕದ ಪುಸ್ತಕ ಇನ್ನೂ ಕೈಯಲ್ಲಿದೆ, ಸಮಯ ಕಡಿಮೆ. ಧಣಿ ಮೆಚ್ಚಿದ್ದು ಈ ಜಾಣತನವನ್ನು. ಆಮೇಲೆ, ಹಣದಿಂದ ಸ್ನೇಹಿತರನ್ನು ಗಳಿಸಿಕೊಳ್ಳಿ, ಅವರು ನಿಮ್ಮನ್ನು ನಿತ್ಯವಾದ ವಾಸಸ್ಥಾನಗಳಲ್ಲಿ ಬರಮಾಡಿಕೊಳ್ಳುವರು ಎನ್ನುವ 9ನೇ ವಚನವನ್ನು ನೇರವಾಗಿ 19–31ರ ಐಶ್ವರ್ಯವಂತ ಮತ್ತು ಬಡ ಲಾಜರನ ಕಥೆಯ ಪಕ್ಕಕ್ಕೆ ತನ್ನಿ. ಐಶ್ವರ್ಯವಂತನ ಬಾಗಿಲಲ್ಲೇ ಲಾಜರ ಬಿದ್ದಿದ್ದ. ಹಣದಿಂದ ಗಳಿಸಬೇಕಾದ ಸ್ನೇಹಿತ ಅವನೇ. ಸತ್ತ ಮೇಲೆ ಅಬ್ರಹಾಮನ ಎದೆಗೊರಗಿದವನು ಲಾಜರ. ಐಶ್ವರ್ಯವಂತನನ್ನು ಬರಮಾಡಿಕೊಳ್ಳಲು ಅಲ್ಲಿ ಯಾರೂ ಇಲ್ಲ. ನಡುವೆ 14ನೇ ವಚನದಲ್ಲಿ ಹಣದಾಸೆಯ ಫರಿಸಾಯರು (ಯೆಹೂದಿ ಧಾರ್ಮಿಕ ಪಂಗಡದವರು) ಗೇಲಿ ಮಾಡುತ್ತಾರೆ, ಎರಡು ಕಥೆಗಳ ಕೊಂಡಿ ಅದು.

ಇದೇ ಬೀಗದ ಕೈಯನ್ನು ಲೂಕ 18ರಲ್ಲಿ ವಿಧವೆಯ ಕಾಟ ತಾಳಲಾರದೆ ನ್ಯಾಯ ತೀರಿಸಿದ ಅನ್ಯಾಯಗಾರ ನ್ಯಾಯಾಧಿಪತಿಗೂ ಹಾಕಿ ನೋಡಿದೆ. ಅಲ್ಲೂ ಸ್ವಗತವಿದೆ, ಅನ್ಯಾಯಗಾರನೇ ಇಷ್ಟು ಮಾಡಿದರೆ ದೇವರು ಇನ್ನೆಷ್ಟು ಎಂಬ ತರ್ಕವಿದೆ, ಸಲೀಸಾಗಿ ತೆರೆಯಿತು. 12ನೇ ಅಧ್ಯಾಯದಲ್ಲಿ ಬೆಳೆ ತುಂಬಿಡಲು ದೊಡ್ಡ ಕಣಜ ಕಟ್ಟಲು ಹೊರಟ ಐಶ್ವರ್ಯವಂತನಿಗೆ ಮಾತ್ರ ಹಾಕಬೇಡಿ. ಸ್ವಗತ ಅಲ್ಲೂ ಇದೆ, ಆದರೆ ಅದರ ಬೆನ್ನಿಗೆ ದೇವರು ಅವನನ್ನು ಬುದ್ಧಿಹೀನ ಎನ್ನುತ್ತಾನೆ.