ಚಿಕ್ಕಬಳ್ಳಾಪುರಕ್ಕೆ ಹೊಸಬರಾ? ಆಪತ್ತು ಬಂದಾಗ ಯಾರನ್ನು ಕರೆಯಬೇಕು, ಏನು ಹೇಳಬೇಕು

ಊರಿಗೆ ಬಂದವರು ಹಾಲು ಎಲ್ಲಿ, ಟ್ಯಾಂಕರ್ ನೀರು ಯಾರ ಹತ್ತಿರ, ಸ್ಕೂಲ್ ಬಸ್ ಎಷ್ಟೊತ್ತಿಗೆ ಅಂತ ನಮ್ಮ ಸಂಘದವರನ್ನು ಕೇಳುತ್ತಾರೆ. ಆಂಬುಲೆನ್ಸ್‌ನವರಿಗೆ ಮನೆ ಗುರುತು ಹೇಗೆ ಹೇಳೋದು ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಬಂದ ಮೊದಲ ವರ್ಷ, ರಾತ್ರಿ ಹನ್ನೊಂದಕ್ಕೆ ಅತ್ತೆಗೆ ಎದೆನೋವು ಬಂತು. 108ಕ್ಕೆ ಫೋನ್ ಮಾಡಿದೆ. "ಎಲ್ಲಿದ್ದೀರಾ ಮೇಡಂ?" ಅಂದರು. "ನೀಲಿ ಗೇಟಿನ ಮನೆ" ಅಂದೆ! ವಾರ್ಡ್ ಗೊತ್ತಿಲ್ಲ, ಕ್ರಾಸ್ ಗೊತ್ತಿಲ್ಲ. ಕೊನೆಗೆ ಎದುರುಮನೆ ತಾತ ಲುಂಗಿ ಎತ್ತಿ ಕಟ್ಟಿಕೊಂಡು ಬಂದು, ಫೋನ್ ಇಸ್ಕೊಂಡು, "ಮುನೇಶ್ವರನ ಗುಡಿ ಹಿಂದೆ ಬನ್ನಪ್ಪಾ, ನಾನು ಟಾರ್ಚ್ ಹಿಡ್ಕೊಂಡು ರೋಡಲ್ಲೇ ನಿಂತಿರ್ತೀನಿ" ಅಂದರು. ಗಾಡಿ ಬಂತು. ಅತ್ತೆ ಈಗ ಆರಾಮಾಗಿದ್ದಾರೆ.

ಹಾಗಾಗಿ ಇವತ್ತೇ ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ವಾರ್ಡ್, ಕ್ರಾಸ್, ಊರಿಗೆಲ್ಲ ಗೊತ್ತಿರುವ ಒಂದು ಗುರುತು, ಕರೆಂಟ್ ಬಿಲ್‌ನಲ್ಲಿರುವ ಆರ್‌ಆರ್ ನಂಬರ್. ತಂತಿ ಹರಿದು ಬಿದ್ದರೆ ಹತ್ತಿರ ಹೋಗಬೇಡಿ, ಬೆಸ್ಕಾಂಗೆ 1912ಕ್ಕೆ ಫೋನ್ ಮಾಡಿ. ಪೊಲೀಸ್, ಫೈರ್, ಆಂಬುಲೆನ್ಸ್ ಮೂರಕ್ಕೂ 112 ಸಾಕು. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಹೇಳಿ. ಲೈಟ್ ಸ್ವಿಚ್ ಮಾತ್ರ ಮುಟ್ಟಬೇಡಿ, ಆಫ್ ಮಾಡೋದಕ್ಕೂ ಬೇಡ.

ಮಳೆ, ಕೆರೆ, ಮನೆ ಕುಸಿತ ಅಂದರೆ 1077, ಅದು ಜಿಲ್ಲೆಯ ಕಂಟ್ರೋಲ್ ರೂಮ್. 2004ರ ಸುನಾಮಿ ಆದ ಮೇಲೆ 2005ರಲ್ಲಿ ವಿಪತ್ತು ನಿರ್ವಹಣೆಗೆ ಅಂತಲೇ ಕಾನೂನು ಬಂತು. ಅದರ ಪ್ರಕಾರ ಜಿಲ್ಲೆಯಲ್ಲಿ ಇದಕ್ಕೆಲ್ಲ ಮುಖ್ಯಸ್ಥರು ಜಿಲ್ಲಾಧಿಕಾರಿ. ಎಸ್‌ಪಿ, ಆರೋಗ್ಯ ಇಲಾಖೆಯವರು ಜೊತೆಗಿರುತ್ತಾರೆ. ತಾಲ್ಲೂಕಲ್ಲಿ ತಹಶೀಲ್ದಾರ್, ಪೇಟೆಯಲ್ಲಿ ನಗರಸಭೆ, ಹಳ್ಳಿಯಲ್ಲಿ ಪಂಚಾಯಿತಿಯ ಪಿಡಿಒ ಮತ್ತು ನಾವು ಈಗಲೂ ವಿಎ (ಗ್ರಾಮ ಲೆಕ್ಕಿಗ) ಅಂತಲೇ ಕರೆಯುವ ಗ್ರಾಮ ಆಡಳಿತ ಅಧಿಕಾರಿ. ಟಿವಿಯಲ್ಲಿ ಕಾಣುವ ಕಿತ್ತಳೆ ಬಟ್ಟೆಯ ಎನ್‌ಡಿಆರ್‌ಎಫ್‌ನವರನ್ನು (ಕೇಂದ್ರದ ವಿಪತ್ತು ಪಡೆ) ಹೊರಗಿಂದ ಕರೆಸಬೇಕು, ಅಲ್ಲಿವರೆಗೆ ಎದುರುಮನೆ ತಾತನೇ ಗತಿ. ಅದಕ್ಕೇ ಅಕ್ಕಪಕ್ಕದವರ ಪರಿಚಯ ಮಾಡ್ಕೊಳ್ಳಿ ಅಂತ ನಾವು ಬಡ್ಕೊಳ್ಳೋದು.

ಬರಗಾಲದ ಸೀಮೆ, ಇಲ್ಲಿ ಎಲ್ಲಿಯ ನೆರೆ ಅಂತೀರಾ? 2021ರ ನವೆಂಬರ್‌ನಲ್ಲಿ ಕೆರೆಗಳು ಕೋಡಿ ಬಿದ್ದು ರಸ್ತೆ ಮೇಲೆಲ್ಲ ನೀರು ಹರಿಯಿತು. ನಮ್ಮ ಕಡೆ ಕೆರೆಗಳು ಸರಪಳಿ ಇದ್ದಂಗೆ, ಮೇಲಿನದು ತುಂಬಿದರೆ ಕೋಡಿ ನೀರು ಕೆಳಗಿನದಕ್ಕೆ ಬರುತ್ತದೆ, ನಡುವೆ ರಾಜಕಾಲುವೆ ಮುಚ್ಚಿ ಮನೆ ಕಟ್ಟಿದ್ದರೆ ಅದು ಮನೆಯೊಳಗೇ ಬರುತ್ತದೆ. ಬಾಡಿಗೆ ಕಮ್ಮಿ ಅಂತ ಸುಮ್ನೆ ಅಡ್ವಾನ್ಸ್ ಕೊಡಬೇಡಿ. "ಕೋಡಿ ಹೋದರೆ ನೀರು ಯಾವ ಕಡೆ ಬರುತ್ತೆ?" ಅಂತ ಬೀದಿಯ ಹಳಬರನ್ನು ಕೇಳಿ. ಅಧಿಕಾರಿಗಳು ಮುಂಜಾಗ್ರತೆ ಅನ್ನೋದು ಇದನ್ನೇ.

ಅದೇ ವರ್ಷ ಡಿಸೆಂಬರ್ 22ರ ಬೆಳಿಗ್ಗೆ ಐದೇ ನಿಮಿಷದಲ್ಲಿ ಎರಡು ಸಲ ಭೂಮಿ ನಡುಗಿತು. ಸಣ್ಣದೇ, 3ರ ಆಸುಪಾಸು. ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜಿಲೆಟಿನ್ ಕಡ್ಡಿ (ಬಂಡೆ ಸಿಡಿಸುವ ಮದ್ದು) ಸ್ಫೋಟಿಸಿ 6 ಜನ ಸತ್ತಿದ್ದರು. ಕ್ವಾರಿ ಕಡೆ ಬಿದ್ದಿರುವ ಕಡ್ಡಿ, ವೈರು ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ, ಕಂಡರೆ 112ಕ್ಕೆ ಹೇಳಿ. ಇನ್ನು ಚಳಿಗಾಲದ ಬೆಳಗಿನ ಮಂಜು. 2023ರ ಅಕ್ಟೋಬರ್‌ನಲ್ಲಿ ಹೈವೇಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ 13 ಜನ ಹೋದರು. ಅಪಘಾತ ಕಂಡರೆ ಪೊಲೀಸ್ ಕೇಸು ಅಂತ ಹೆದರಿ ಬಿಟ್ಟು ಹೋಗಬೇಡಿ, ಸಹಾಯ ಮಾಡಿದವರಿಗೆ ಕಾನೂನೇ ರಕ್ಷಣೆ ಕೊಟ್ಟಿದೆ.

ಕೊನೆಗೆ ಒಂದು. ಮಳೆಗೆ ಗೋಡೆ ಬಿದ್ದರೆ ಮಣ್ಣು ಎತ್ತುವ ಮುಂಚೆ ಫೋಟೋ ತೆಗೆಯಿರಿ, ವಿಎಗೆ ಹೇಳಿ ಮಹಜರು ಮಾಡಿಸಿ, ಪರಿಹಾರ ಕೇಳೋಕೆ ಬೇಕಾಗುತ್ತೆ. ಆಧಾರ್, ಪಾಸ್‌ಬುಕ್ ಜೆರಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ, ಅಟ್ಟದ ಮೇಲೆ ಇರಲಿ.